ಸೂಜಿ, ಕಿವಿ ಮತ್ತು ಮೊದಲ ಹದಿನಾಲ್ಕು ದಿನ

2024ರ ಜೂನ್ ತಿಂಗಳಲ್ಲಿ ಗಾಯಕಿ ಅಲ್ಕಾ ಯಾಗ್ನಿಕ್ ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಪೋಸ್ಟ್ ಹಾಕಿದ್ರು. ಕೆಲವು ವಾರಗಳ ಹಿಂದೆ ವಿಮಾನದಿಂದ ಇಳಿದು ಬರುವಾಗ ಇದ್ದಕ್ಕಿದ್ದ ಹಾಗೆ ಕಿವಿ ಕೇಳಿಸದಂತಾಯ್ತು, ವೈರಸ್ ದಾಳಿಯಿಂದ ಕಿವಿಯ ನರಕ್ಕೆ ಪೆಟ್ಟು ಬಿದ್ದಿದೆ ಅಂತ ಡಾಕ್ಟರುಗಳು ಹೇಳಿದ್ದಾರೆ ಅನ್ನೋದು ಅದರ ಸಾರಾಂಶ. ಟೇಪ್‌ರೆಕಾರ್ಡರ್ ಕಾಲದಿಂದ ಅವರ ದನಿ ಕೇಳ್ಕೊಂಡು ಬೆಳೆದ ನಮ್ಮಂಥವರಿಗೆ ಅದೊಂದು ಶಾಕ್. ಹಾಡುವವರಿಗೇ ಕಿವಿ ಕೈಕೊಟ್ರೆ ಹೇಗೆ?

ಆ ವಾರ ವಾಟ್ಸಾಪ್ ಗ್ರೂಪುಗಳಲ್ಲಿ ಎಂದಿನಂತೆ ಸಲಹೆಗಳ ಮಳೆ ಸುರೀತು. ಬೆಳ್ಳುಳ್ಳಿ ಎಣ್ಣೆ, ಯಾವುದೋ ಸೊಪ್ಪಿನ ರಸ, ಕಿವಿಯ ಹಿಂದೆ ಇಂತಿಷ್ಟು ಸಲ ಒತ್ತಿ ಅನ್ನೋ ವಿಡಿಯೋ. ಇವೆಲ್ಲದರ ನಡುವೆ ಸ್ವಲ್ಪ ಗಂಭೀರವಾಗಿ ಕಾಣೋ ಒಂದು ಸಲಹೆ ಇತ್ತು: ಅಕ್ಯುಪಂಕ್ಚರ್. 'ಚೀನಾದಲ್ಲಿ ಹುಟ್ಟು ಕಿವುಡರಿಗೇ ಸೂಜಿ ಚುಚ್ಚಿ ಕಿವಿ ಬರಿಸಿದ್ದಾರೆ, ಇದೇನು ಮಹಾ' ಅಂತ ಒಬ್ಬರು ಬರೆದಿದ್ರು.

ಈ ಮಾತು ಸುಮ್ಮನೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಅದಕ್ಕೊಂದು ಊರಿದೆ, ಒಂದು ಇಸವಿ ಇದೆ, ಒಂದು ರಾಜಕೀಯವೂ ಇದೆ. ಅದು ಅಲ್ಲಿಂದ ಹೊರಟು, ಅಮೆರಿಕ ಸುತ್ತಿ, ಕಲ್ಕತ್ತಾ ಹಾದು, ನಮ್ಮ ತುಮಕೂರು ರಸ್ತೆಗೆ ಬಂದು ನಿಂತ ಕಥೆ ಇದು. ನಾನು ಹುಟ್ಟಿ ಬೆಳೆದ ಅರಿಶಿನಕುಂಟೆ ಇರೋದೂ ಇದೇ ರಸ್ತೆ ಮೇಲೆ, ನೆಲಮಂಗಲಕ್ಕೆ ಹೊಂದಿಕೊಂಡ ಹಾಗೆ. ಹಾಗಾಗಿ ಈ ಕಥೆಯಲ್ಲಿ ನನಗೊಂದು ಸ್ವಂತದ ಆಸಕ್ತಿಯೂ ಇದೆ.

ಮೊದಲು ಕಾಯಿಲೆ ಯಾವುದು ಅಂತ ಸ್ಪಷ್ಟ ಮಾಡ್ಕೊಳ್ಳೋಣ. ಕಿವಿ ಕೇಳಿಸದಿರೋದು ಒಂದೇ ಕಾಯಿಲೆ ಅಲ್ಲ. ಕಿವಿಯೊಳಗೆ ಗುಗ್ಗೆ ಕಟ್ಟಿಕೊಂಡ್ರೂ ಕೇಳಿಸಲ್ಲ, ತಮಟೆ ತೂತಾದ್ರೂ ಕೇಳಿಸಲ್ಲ. ಇವು ದಾರಿಯ ತೊಂದರೆಗಳು. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಕಾಕ್ಲಿಯಾ ಇದೆ. ಅದರೊಳಗೆ ಸುಮಾರು ಹದಿನೈದು ಸಾವಿರ ಕೂದಲು ಕೋಶಗಳಿವೆ. ಶಬ್ದದ ಅಲೆಯನ್ನು ನರಕ್ಕೆ ಅರ್ಥ ಆಗೋ ವಿದ್ಯುತ್ ಸಂಕೇತವಾಗಿ ಬದಲಾಯಿಸೋದು ಇವೇ. ಮನುಷ್ಯರಲ್ಲಿ ಇವು ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ. ಇಲ್ಲಿ ಅಥವಾ ಇಲ್ಲಿಂದ ಮೆದುಳಿಗೆ ಹೋಗೋ ನರದಲ್ಲಿ ಆಗೋ ತೊಂದರೆಯೇ ನರ ಸಂಬಂಧಿ ಶ್ರವಣದೋಷ.

ಇದರಲ್ಲೇ ಒಂದು ವಿಚಿತ್ರ ಬಗೆ ಇದೆ. ರಾತ್ರಿ ಚೆನ್ನಾಗಿಯೇ ಮಲಗಿದವರು ಬೆಳಿಗ್ಗೆ ಎದ್ದಾಗ ಒಂದು ಕಿವಿ ಬಂದ್ ಆಗಿರುತ್ತೆ. ಜೊತೆಗೆ ಗುಯ್ ಅನ್ನೋ ಸದ್ದು, ಕೆಲವರಿಗೆ ತಲೆಸುತ್ತು. 72 ಗಂಟೆಯೊಳಗೆ, ಅಕ್ಕಪಕ್ಕದ ಮೂರು ಫ್ರೀಕ್ವೆನ್ಸಿಗಳಲ್ಲಿ ಕನಿಷ್ಠ 30 ಡೆಸಿಬಲ್ ಕುಸಿದ್ರೆ ಅದನ್ನು 'ಹಠಾತ್ ನರ ಸಂಬಂಧಿ ಶ್ರವಣದೋಷ' ಅಂತ ಕರೀತಾರೆ. ಡೆಸಿಬಲ್ ಅನ್ನೋದು ಲಾಗ್ ಸ್ಕೇಲ್ ಅನ್ನೋದು ನೆನಪಿರಲಿ. 30 ಡೆಸಿಬಲ್ ಅಂದ್ರೆ ಶಬ್ದದ ಶಕ್ತಿಯ ಲೆಕ್ಕದಲ್ಲಿ ಸಾವಿರ ಪಟ್ಟು ವ್ಯತ್ಯಾಸ. ಅಮೆರಿಕದ ಅಂದಾಜಿನ ಪ್ರಕಾರ ವರ್ಷಕ್ಕೆ ಲಕ್ಷ ಜನರಲ್ಲಿ 5ರಿಂದ 27 ಮಂದಿಗೆ ಹೀಗಾಗುತ್ತೆ. ಅವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಜನರಿಗೆ ಯಾಕೆ ಆಯ್ತು ಅಂತ ಕೊನೆಗೂ ಗೊತ್ತಾಗಲ್ಲ. ವೈರಸ್ ಇರಬಹುದು, ಒಳಗಿವಿಗೆ ಹೋಗೋ ಒಂದೇ ಒಂದು ಸಣ್ಣ ರಕ್ತನಾಳದಲ್ಲಿ ಅಡ್ಡಿ ಆಗಿರಬಹುದು, ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿ ಬಿದ್ದಿರಬಹುದು. ಇವೆಲ್ಲ ಊಹೆಗಳು.

ಕಾರಣ ಗೊತ್ತಿಲ್ಲದ ಕಾಯಿಲೆಯ ಸುತ್ತ ನೂರೆಂಟು ಚಿಕಿತ್ಸೆ ಹುಟ್ಟೋದು ಸಹಜ. ಸೂಜಿ ಬಂದಿದ್ದೂ ಈ ಜಾಗಕ್ಕೇ. ಆದ್ರೆ ನೇರವಾಗಿ ಅಲ್ಲ.

ಚೀನಾದ ಹಳೇ ವೈದ್ಯದಲ್ಲಿ ಕಿವಿಗೆ ದೊಡ್ಡ ಸ್ಥಾನ ಇದೆ. ಅವರ ಲೆಕ್ಕದಲ್ಲಿ ಕಿವಿ ಮೂತ್ರಪಿಂಡದ ಬಾಗಿಲು. ಕಿವಿಯ ಸುತ್ತ ಇರೋ ಬಿಂದುಗಳ ಹೆಸರುಗಳೇ ಚಂದ: ಎರ್ಮೆನ್ ಅಂದ್ರೆ ಕಿವಿಯ ಬಾಗಿಲು, ತಿಂಗ್‌ಗೋಂಗ್ ಅಂದ್ರೆ ಕೇಳುವಿಕೆಯ ಅರಮನೆ. ಆದ್ರೆ ಸೂಜಿ ವಿದ್ಯೆಗೆ ಚೀನಾದಲ್ಲೇ ಯಾವಾಗಲೂ ರಾಜ ಮರ್ಯಾದೆ ಇತ್ತು ಅನ್ನೋದು ತಪ್ಪು ಕಲ್ಪನೆ. 1822ರಲ್ಲಿ ದಾವೊಗುವಾಂಗ್ ಚಕ್ರವರ್ತಿ ತನ್ನ ಅರಮನೆಯ ವೈದ್ಯಶಾಲೆಯಲ್ಲಿ ಅಕ್ಯುಪಂಕ್ಚರ್ ಕಲಿಸೋದನ್ನೇ ನಿಲ್ಲಿಸಿದ. 1929ರಲ್ಲಿ ಅಲ್ಲಿನ ಸರ್ಕಾರದ ಮುಂದೆ ಹಳೇ ವೈದ್ಯ ಪದ್ಧತಿಯನ್ನೇ ರದ್ದು ಮಾಡೋ ಪ್ರಸ್ತಾಪ ಬಂತು. ಅದಕ್ಕೆ ಮತ್ತೆ ಜೀವ ಬಂದಿದ್ದು 1950ರ ದಶಕದಲ್ಲಿ, ಮಾವೋ ಕಾಲದಲ್ಲಿ. ಕೋಟ್ಯಂತರ ಜನ, ಬೆರಳೆಣಿಕೆಯ ಡಾಕ್ಟರುಗಳು, ಔಷಧಿಗೆ ದುಡ್ಡಿಲ್ಲ. ಸೂಜಿ ಅಗ್ಗ, ಕೈಯಲ್ಲಿ ಹಿಡ್ಕೊಂಡು ಹಳ್ಳಿಗೆ ಹೋಗಬಹುದು. ಮೇಲಾಗಿ ಅದು 'ನಮ್ಮದು'. ಅಂದ್ರೆ ಸೂಜಿ ವಾಪಸ್ ಬರೋದಕ್ಕೆ ಅದರ ಗುಣದಷ್ಟೇ ದೇಶದ ಬಡತನ ಮತ್ತು ಹೆಮ್ಮೆ ಕೂಡ ಕಾರಣ.

ಈಗ ವಾಟ್ಸಾಪ್‌ನ ಆ ಮಾತಿನ ಮೂಲಕ್ಕೆ ಬರೋಣ. 1960ರ ದಶಕದ ಕೊನೆ, ಸಾಂಸ್ಕೃತಿಕ ಕ್ರಾಂತಿಯ ದಿನಗಳು. ಈಶಾನ್ಯ ಚೀನಾದ ಜಿಲಿನ್ ಪ್ರಾಂತ್ಯದ ಲಿಯಾವೊಯುವಾನ್ ಅನ್ನೋ ಊರಿನಲ್ಲಿ ಕಿವಿ ಕೇಳಿಸದ, ಮಾತು ಬಾರದ ಮಕ್ಕಳ ಶಾಲೆ ಇತ್ತು. ಸೈನ್ಯದ ಒಂದು ವೈದ್ಯಕೀಯ ತಂಡ ಅಲ್ಲಿಗೆ ಹೋಯ್ತು. ಅದರಲ್ಲಿದ್ದ ಝಾವೊ ಪುಯು ಅನ್ನೋ ಯುವ ವೈದ್ಯ ಸಿಬ್ಬಂದಿ ಈ ಮಕ್ಕಳಿಗೆ ಸೂಜಿ ಚಿಕಿತ್ಸೆ ಕೊಡೋಕೆ ಶುರು ಮಾಡಿದ. ಅವನು ಆರಿಸಿಕೊಂಡ ಮುಖ್ಯ ಬಿಂದು ಯಾಮೆನ್, ಅಂದ್ರೆ 'ಮೂಕತನದ ಬಾಗಿಲು'. ಅದಿರೋದು ಕತ್ತಿನ ಹಿಂಭಾಗದಲ್ಲಿ, ತಲೆಬುರುಡೆ ಮುಗಿಯೋ ಕಡೆ. ಅದರ ಒಳಗಿರೋದು ಮೆದುಳುಬಳ್ಳಿ. ಹಾಗಾಗಿ ಅಲ್ಲಿ ಆಳವಾಗಿ ಚುಚ್ಚಬೇಡಿ ಅಂತ ಹಳೇ ಪುಸ್ತಕಗಳು ಎಚ್ಚರಿಕೆ ಕೊಟ್ಟಿದ್ವು. ಝಾವೊ ಪುಯು ಮೊದಲು ತನ್ನ ಕತ್ತಿಗೇ ಚುಚ್ಚಿಕೊಂಡು, ಪುಸ್ತಕದ ಮಿತಿ ದಾಟಿ ಆಳಕ್ಕೆ ಹೋದ ಅನ್ನೋದು ಪ್ರಚಾರದ ಕಥೆ. ಮಕ್ಕಳಿಗೆ ಕಿವಿ ಬಂತು, ಮಾತು ಬಂತು, ಅವರು 'ಚೇರ್ಮನ್ ಮಾವೋ ಚಿರಾಯುವಾಗಲಿ' ಅಂತ ಕೂಗಿದ್ರು ಅಂತ ಪತ್ರಿಕೆಗಳು ಬರೆದ್ವು. 1972ರಲ್ಲಿ ಪೀಕಿಂಗ್‌ನ ವಿದೇಶಿ ಭಾಷಾ ಪ್ರಕಾಶನ ಇದನ್ನೇ ಇಂಗ್ಲಿಷ್‌ನಲ್ಲಿ ಒಂದು ಪುಟ್ಟ ಪುಸ್ತಕವಾಗಿ ತಂದು ಜಗತ್ತಿಗೆಲ್ಲ ಹಂಚಿತು.

ಈ ಮಕ್ಕಳ ಬಗ್ಗೆ ಓದುವಾಗ ಒಂದು ವಿಷಯ ನನ್ನನ್ನು ಕಾಡುತ್ತೆ. ಕಿವುಡ ಮಕ್ಕಳ ಶಾಲೆಗೆ ಬರೋ ಎಲ್ಲರಿಗೂ ಕಿವಿ ಪೂರ್ತಿ ಹೋಗಿರಲ್ಲ. ಹಲವರಿಗೆ ಅಷ್ಟಿಷ್ಟು ಉಳಿದಿರುತ್ತೆ. ದಿನಾ ಒಬ್ಬರು ಮುಂದೆ ಕೂತು, ಜೋರಾಗಿ ಮಾತಾಡಿಸಿ, ತಿದ್ದಿ ಹೇಳಿಕೊಟ್ರೆ ಆ ಮಕ್ಕಳು ಕೆಲವು ಪದಗಳನ್ನು ಆಡೋದು ಕಲೀತಾರೆ. ಇದು ಪಾಠದ ಗುಣ. ಆದ್ರೆ ಸೂಜಿಯೂ ಇದೆ, ಪಾಠವೂ ಇದೆ, ಮೇಲೆ ಘೋಷಣೆಯೂ ಇದೆ ಅಂದಾಗ ಹೆಸರು ಯಾವುದಕ್ಕೆ ಹೋಗುತ್ತೆ ಅನ್ನೋದನ್ನು ನಿರ್ಧಾರ ಮಾಡೋದು ಆ ಕಾಲದ ರಾಜಕೀಯ. 'ನಿನಗೆ ಕೇಳಿಸ್ತಾ ಇದೆಯಾ?' ಅಂತ ಕೇಳಿದಾಗ 'ಇಲ್ಲ' ಅನ್ನೋ ಸ್ವಾತಂತ್ರ್ಯ ಆ ಮಗುವಿಗೆ ಎಷ್ಟಿತ್ತು? ಮುಂದೆ 1980ರ ದಶಕದಲ್ಲಿ ಚೀನಾವೇ ಈ ಮಕ್ಕಳಿಗಾಗಿ ಹಿಯರಿಂಗ್ ಏಡ್ ಮತ್ತು ಮಾತಿನ ತರಬೇತಿಯ ದಾರಿ ಹಿಡೀತು.

ಆದ್ರೆ ಅಷ್ಟರಲ್ಲಿ ಸುದ್ದಿ ಸಮುದ್ರ ದಾಟಿ ಆಗಿತ್ತು. 1971ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಕರ್ತ ಜೇಮ್ಸ್ ರೆಸ್ಟನ್ ಪೀಕಿಂಗ್‌ನಲ್ಲಿದ್ದಾಗ ಅಪೆಂಡಿಕ್ಸ್ ಆಪರೇಷನ್ ಮಾಡಿಸ್ಕೋಬೇಕಾಯ್ತು. ಆಪರೇಷನ್ ಆಗಿದ್ದು ಮಾಮೂಲಿ ಅರಿವಳಿಕೆಯಲ್ಲೇ. ನಂತರ ಹೊಟ್ಟೆಯ ಸಂಕಟಕ್ಕೆ ಸೂಜಿ ಹಾಕಿದ್ರು, ಆರಾಮ ಆಯ್ತು ಅಂತ ಅವರು ಬರೆದ್ರು. 1972ರ ಫೆಬ್ರವರಿಯಲ್ಲಿ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ ಹೋಗಿ ಬಂದ್ರು. ಅಮೆರಿಕದಲ್ಲಿ ಅಕ್ಯುಪಂಕ್ಚರ್ ಹುಚ್ಚು ಶುರುವಾಯ್ತು. 1973ರಲ್ಲಿ ನೆವಾಡಾ ರಾಜ್ಯ ಅದಕ್ಕೆ ಕಾನೂನಿನ ಒಪ್ಪಿಗೆಯನ್ನೂ ಕೊಟ್ಟಿತು. ಹೊಸ ಕ್ಲಿನಿಕ್‌ಗಳಿಗೆ ಬಂದವರಲ್ಲಿ ಕಿವಿ ಕೇಳಿಸದ ಮಕ್ಕಳನ್ನು ಕರ್ಕೊಂಡು ಬಂದ ಅಪ್ಪ ಅಮ್ಮಂದಿರೂ ಇದ್ರು.

ಇಲ್ಲಿ ಕಥೆಗೆ ಒಂದು ಯಂತ್ರದ ಪ್ರವೇಶ ಆಗುತ್ತೆ: ಆಡಿಯೋಮೀಟರ್. ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಬೇರೆ ಬೇರೆ ಫ್ರೀಕ್ವೆನ್ಸಿಯ ಶಬ್ದವನ್ನು ಸಣ್ಣದು ಮಾಡ್ತಾ ಹೋಗ್ತಾರೆ. ಎಲ್ಲಿಯವರೆಗೆ ಕೇಳಿಸ್ತು ಅನ್ನೋದನ್ನು ಗ್ರಾಫ್‌ನಲ್ಲಿ ಗುರುತು ಹಾಕ್ತಾರೆ. ಅದೇ ಆಡಿಯೋಗ್ರಾಂ. 1970ರ ದಶಕದ ಮಧ್ಯದಲ್ಲಿ ಅಮೆರಿಕದ ಹಲವು ಶ್ರವಣ ತಜ್ಞರು, ಸೂಜಿ ಹಾಕೋ ಮೊದಲು ಮತ್ತು ಹಾಕಿದ ಮೇಲೆ ಆಡಿಯೋಗ್ರಾಂ ತೆಗೆದು ಹೋಲಿಸಿದ್ರು. ರಿಸಲ್ಟ್ ಒಂದರ ಹಿಂದೆ ಒಂದು ಅದೇ ಬಂತು: ಬಹುಕಾಲದಿಂದ ಇರೋ ನರದ ಕಿವುಡುತನಕ್ಕೆ ಸೂಜಿಯಿಂದ ಬದಲಾವಣೆ ಇಲ್ಲ. ಕೆಲವು ರೋಗಿಗಳು ಮಾತ್ರ 'ನಂಗೆ ಚೆನ್ನಾಗಿ ಕೇಳಿಸ್ತಿದೆ' ಅಂತಾನೇ ಹೇಳ್ತಿದ್ರು. ಅವರು ಸುಳ್ಳು ಹೇಳ್ತಿರಲಿಲ್ಲ. ಆಸೆ ಇದ್ದಾಗ ಗಮನ ಜಾಸ್ತಿ ಆಗುತ್ತೆ, ಎದುರಿಗಿದ್ದವರ ತುಟಿ ಇನ್ನೂ ಚೆನ್ನಾಗಿ ಓದ್ತೇವೆ. ಗ್ರಾಫ್ ಮಾತ್ರ ಇದ್ದಲ್ಲೇ ಇತ್ತು.

ಭಾರತಕ್ಕೆ ಈ ವಿದ್ಯೆ ಬಂದಿದ್ದು ನಿಕ್ಸನ್‌ಗಿಂತ ಮುಂಚೆಯೇ, ಅದೂ ಒಂದು ಗೆಳೆತನದ ನೆನಪಾಗಿ. 1938ರಲ್ಲಿ, ಜಪಾನ್ ದಾಳಿಗೆ ಸಿಕ್ಕ ಚೀನಾಕ್ಕೆ ಕಾಂಗ್ರೆಸ್ ಐದು ಜನ ವೈದ್ಯರನ್ನು ಕಳಿಸಿತು. ಆಗ ಅಧ್ಯಕ್ಷರಾಗಿದ್ದವರು ಸುಭಾಷ್‌ಚಂದ್ರ ಬೋಸ್. ಆ ಐವರಲ್ಲಿ ಒಬ್ಬರು ದ್ವಾರಕಾನಾಥ ಕೋಟ್ನಿಸ್, ಕನ್ನಡ ಮರಾಠಿ ಎರಡೂ ಬೆರೆತು ಹರಿಯೋ ಸೊಲ್ಲಾಪುರದವರು. ಯುದ್ಧದ ಗಾಯಾಳುಗಳಿಗೆ ಆಪರೇಷನ್ ಮಾಡ್ತಾ ಮಾಡ್ತಾ 1942ರ ಡಿಸೆಂಬರ್ 9ರಂದು, 32ನೇ ವಯಸ್ಸಿಗೆ ಅಲ್ಲೇ ತೀರಿಕೊಂಡ್ರು. ವಿ. ಶಾಂತಾರಾಂ 1946ರಲ್ಲಿ ಅವರ ಮೇಲೆ ಸಿನಿಮಾ ಮಾಡಿದ್ದರಿಂದ ದೇಶಕ್ಕೆಲ್ಲ ಅವರ ಹೆಸರು ಗೊತ್ತಾಯ್ತು. ಕೋಟ್ನಿಸ್ ಸರ್ಜನ್, ಸೂಜಿ ವೈದ್ಯರಲ್ಲ. ಸೂಜಿ ತಂದವರು ಅವರ ಜೊತೆ ಹೋಗಿದ್ದ ಬಿಜೊಯ್ ಕುಮಾರ್ ಬಸು. ಅವರು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ, ಅಕ್ಯುಪಂಕ್ಚರ್ ಕಲಿತು ಬಂದು, 1959ರಲ್ಲಿ ಕಲ್ಕತ್ತಾದಲ್ಲಿ ಶುರು ಮಾಡಿದ್ರು. ಮೂರೇ ವರ್ಷದಲ್ಲಿ ಯುದ್ಧ ಆಯ್ತು, ಚೀನಾ ಅನ್ನೋ ಪದವೇ ನಮಗೆ ಕಹಿ ಆಯ್ತು. ಆದ್ರೂ ಸೂಜಿ ಉಳೀತು. 1975ರಲ್ಲಿ ಲುಧಿಯಾನದಲ್ಲಿ ಕೋಟ್ನಿಸ್ ಹೆಸರಿನಲ್ಲೇ ಒಂದು ಅಕ್ಯುಪಂಕ್ಚರ್ ಆಸ್ಪತ್ರೆ ಬಂತು. ಶ್ರೀಲಂಕಾದ ಆಂಟನ್ ಜಯಸೂರ್ಯ ಕೊಲಂಬೊದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಹೊರದೇಶದವರಿಗೂ ಇದನ್ನು ಕಲಿಸಿದ್ರು.

ಕರ್ನಾಟಕಕ್ಕೆ ಅದು ಬಂದ ದೊಡ್ಡ ಬಾಗಿಲು ಬೇರೆ: ಪ್ರಕೃತಿ ಚಿಕಿತ್ಸೆ. ಧರ್ಮಸ್ಥಳದ ಸಂಸ್ಥೆಯವರು 1989ರಲ್ಲಿ ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜು ತೆರೆದ್ರು. ಅಲ್ಲಿ ಓದೋ ಬಿಎನ್‌ವೈಎಸ್ ಪದವಿಯಲ್ಲಿ ಮಣ್ಣಿನ ಚಿಕಿತ್ಸೆ, ನೀರಿನ ಚಿಕಿತ್ಸೆ, ಉಪವಾಸದ ಜೊತೆಗೆ ಅಕ್ಯುಪಂಕ್ಚರ್ ಕೂಡ ಪಾಠ. ಚೀನಾದ ಸೂಜಿ ನಮ್ಮಲ್ಲಿ 'ಪ್ರಕೃತಿ' ಅನ್ನೋ ಹೆಸರಿನ ಅಡಿ ಕೂತಿದ್ದು ಹೀಗೆ. ನಮ್ಮ ತುಮಕೂರು ರಸ್ತೆಯನ್ನೇ ನೋಡಿ. ಬೆಂಗಳೂರು ಕಡೆಯಿಂದ ಬಂದ್ರೆ ಮೊದಲು ಜಿಂದಾಲ್ ಪ್ರಕೃತಿ ಚಿಕಿತ್ಸಾಲಯ. ಅದು 1970ರ ದಶಕದ ಕೊನೆಯಿಂದ ಇದೆ. ಮುಂದೆ ನೆಲಮಂಗಲದ ಹತ್ತಿರ ಮಹದೇವಪುರದಲ್ಲಿ 2022ರಲ್ಲಿ ಉದ್ಘಾಟನೆಯಾದ ಕ್ಷೇಮವನ. ಅರಿಶಿನಕುಂಟೆ ಇವೆರಡರ ನಡುವೆ. ಒಂದು ಕಾಲಕ್ಕೆ ಕಿವಿಗೂ ಸೂಜಿಗೂ ನಮ್ಮೂರಲ್ಲಿ ಇದ್ದ ಸಂಬಂಧ ಕಿವಿ ಚುಚ್ಚಿಸೋ ಶಾಸ್ತ್ರ ಮಾತ್ರ. ಈಗ 'ಆ ರೋಡಲ್ಲಿ ಸೂಜಿ ಹಾಕ್ತಾರೆ' ಅಂದ್ರೆ ನಮ್ಮಜ್ಜಿಗೂ ಅರ್ಥ ಆಗುತ್ತೆ.

ಸರ್ಕಾರ ಏನು ಹೇಳ್ತು? 2003ರ ನವೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅಕ್ಯುಪಂಕ್ಚರನ್ನು ಒಂದು ಚಿಕಿತ್ಸಾ ವಿಧಾನ ಅಂತ ಒಪ್ಪಿತು, ನೋಂದಾಯಿತ ವೈದ್ಯರು ಅಥವಾ ಸರಿಯಾದ ತರಬೇತಿ ಪಡೆದವರು ಮಾಡಬಹುದು ಅಂತ. 2019ರ ಫೆಬ್ರವರಿಯಲ್ಲಿ ಅದನ್ನೇ ಸ್ವತಂತ್ರ ಪದ್ಧತಿ ಅಂತ ಮಾನ್ಯ ಮಾಡಿತು. ಪದ್ಧತಿಗೆ ಮಾನ್ಯತೆ ಸಿಕ್ಕ ಮಾತ್ರಕ್ಕೆ ಎಲ್ಲ ಕಾಯಿಲೆಗೂ ಅದು ಮದ್ದು ಅಂತ ಅಲ್ಲ. ಡ್ರೈವಿಂಗ್ ಲೈಸೆನ್ಸ್ ಇದೆ ಅಂದ ತಕ್ಷಣ ವಿಮಾನ ಓಡಿಸೋಕಾಗಲ್ಲ ಅಲ್ವಾ?

ಅಕ್ಯುಪಂಕ್ಚರ್ ಪರ ಮಾತಾಡೋರು ತಪ್ಪದೇ ಹೇಳೋ ಇನ್ನೊಂದು ಹೆಸರು ವಿಶ್ವ ಆರೋಗ್ಯ ಸಂಸ್ಥೆ. 2003ರಲ್ಲಿ ಅದು ಅಕ್ಯುಪಂಕ್ಚರ್ ಪ್ರಯೋಗಗಳ ಬಗ್ಗೆ ಒಂದು ವರದಿ ತಂದಿದ್ದು ನಿಜ. ಅದರ ಪಟ್ಟಿಯಲ್ಲಿ ಕಿವುಡುತನ ಇರೋದೂ ನಿಜ. ಆದ್ರೆ ಯಾವ ಸಾಲಿನಲ್ಲಿದೆ ಅಂತ ನೋಡಬೇಕು. ಮೊದಲ ಗುಂಪು, ಪ್ರಯೋಗಗಳಿಂದ ಪರಿಣಾಮ ಸಾಬೀತಾಗಿದೆ ಅಂತ ವರದಿ ಒಪ್ಪಿದ ಕಾಯಿಲೆಗಳದ್ದು. ಎರಡನೆಯದು, ಪರಿಣಾಮ ಕಂಡಿದೆ, ಇನ್ನೂ ಸಾಕ್ಷ್ಯ ಬೇಕು ಅನ್ನೋದು. ಕಿವುಡುತನ ಇರೋದು ಮೂರನೆಯದರಲ್ಲಿ, ಬಣ್ಣಗುರುಡಿನ ಪಕ್ಕದಲ್ಲಿ. ಅಲ್ಲೊಂದು ಇಲ್ಲೊಂದು ಪ್ರಯೋಗ ಮಾತ್ರ ಆಗಿವೆ, ಬೇರೆ ಚಿಕಿತ್ಸೆ ಕಷ್ಟ ಇರೋದ್ರಿಂದ ಪ್ರಯತ್ನಿಸಿ ನೋಡಬಹುದು ಅನ್ನೋ ಗುಂಪು ಅದು. ಟರ್ಮ್ಸ್ ಅಂಡ್ ಕಂಡಿಷನ್ಸ್ ಓದದೆ 'ಐ ಅಗ್ರೀ' ಒತ್ತೋ ನಮ್ಮ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ಸಿಗಲ್ಲ.

ಹುಟ್ಟು ಕಿವುಡುತನದ ವಿಷಯದಲ್ಲಿ ಸೋತ ಮೇಲೂ ಸೂಜಿಯ ಹಕ್ಕು ಮುಗೀಲಿಲ್ಲ. ಅದಕ್ಕೆ ಹೊಸದೊಂದು ಜಾಗ ಸಿಕ್ತು: ಹಠಾತ್ ಶ್ರವಣದೋಷ. ಚೀನಾದ ಆಸ್ಪತ್ರೆಗಳಲ್ಲಿ ಇವತ್ತು ಔಷಧಿಯ ಜೊತೆಗೆ ಸೂಜಿಯನ್ನೂ ಹಾಕ್ತಾರೆ, ಅದರ ಮೇಲೆ ಸಾಕಷ್ಟು ಪ್ರಯೋಗಗಳೂ ಬಂದಿವೆ. ಬರೀ ಔಷಧಿಗಿಂತ ಔಷಧಿ ಮತ್ತು ಸೂಜಿ ಎರಡೂ ಇದ್ದರೆ ಫಲಿತಾಂಶ ಉತ್ತಮ ಅಂತ ಅವುಗಳಲ್ಲಿ ಹೆಚ್ಚಿನವು ಹೇಳ್ತವೆ. ಇವನ್ನೆಲ್ಲ ಒಟ್ಟು ಹಾಕಿ ನೋಡಿದ ವಿಮರ್ಶೆಗಳು ಆ ಲಾಭವನ್ನು ಗುರುತಿಸ್ತವೆ, ಜೊತೆಗೇ ಪ್ರಯೋಗಗಳು ಸಣ್ಣವು, ಗುಣಮಟ್ಟ ಕಮ್ಮಿ, ಇದನ್ನು ನಂಬಿ ತೀರ್ಮಾನ ಮಾಡೋದು ಕಷ್ಟ ಅಂತಲೂ ಹೇಳ್ತವೆ. ಸೂಜಿ ಹಾಕಿಸಿಕೊಂಡವರಿಗೂ ಹಾಕಿದವರಿಗೂ ಅದು ಗೊತ್ತಿರುತ್ತೆ, ಅಂದ್ರೆ ಬ್ಲೈಂಡಿಂಗ್ ಇಲ್ಲ. 1998ರಲ್ಲಿ ಆಂಡ್ರ್ಯೂ ವಿಕರ್ಸ್ ಮತ್ತು ಅವರ ಜೊತೆಗಾರರು ಬೇರೆ ಬೇರೆ ದೇಶಗಳ ಅಕ್ಯುಪಂಕ್ಚರ್ ಪ್ರಯೋಗಗಳನ್ನು ಸಾಲಾಗಿ ಇಟ್ಟು ನೋಡಿದಾಗ, ಚೀನಾದಿಂದ ಬಂದವೆಲ್ಲ ಪಾಸಿಟಿವ್ ಆಗಿದ್ವು. ಎಲ್ಲ ಟೆಸ್ಟ್ ಕೇಸೂ ಪಾಸ್ ಅಂತ ರಿಪೋರ್ಟ್ ಬಂದ್ರೆ ಒಬ್ಬ ಇಂಜಿನಿಯರ್ ಮೊದಲು ಅನುಮಾನ ಪಡೋದು ಕೋಡ್ ಮೇಲಲ್ಲ, ಟೆಸ್ಟ್ ಮೇಲೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಅಂಶ ಇದೆ. ಹಠಾತ್ ಶ್ರವಣದೋಷ ಬಂದವರಲ್ಲಿ ಸುಮಾರು ಮೂರನೇ ಒಂದು ಭಾಗದಿಂದ ಮೂರನೇ ಎರಡು ಭಾಗದಷ್ಟು ಜನರಿಗೆ, ಏನೂ ಮಾಡದಿದ್ರೂ, ಸ್ವಲ್ಪ ಅಥವಾ ಪೂರ್ತಿ ಕಿವಿ ವಾಪಸ್ ಬರುತ್ತೆ. ಹೆಚ್ಚಾಗಿ ಮೊದಲ ಎರಡು ವಾರದಲ್ಲಿ. ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಸರ್ವರ್ ಬಿದ್ದಾಗ ಆಗೋದನ್ನು ನೆನಪು ಮಾಡ್ಕೊಳ್ಳಿ. ನಾಲ್ಕು ಜನ ನಾಲ್ಕು ಕಮಾಂಡ್ ಹೊಡೀತಿರ್ತಾರೆ, ಅದು ತಾನಾಗೇ ಎದ್ದು ಕೂತ್ಕೊಳ್ಳುತ್ತೆ. ಕೊನೆಯ ಕಮಾಂಡ್ ಹೊಡೆದವನಿಗೆ ಮರುದಿನ ಶಹಬ್ಬಾಸ್‌ಗಿರಿ. ತಾನಾಗೇ ವಾಸಿಯಾಗೋ ಕಾಯಿಲೆಯಲ್ಲಿ ಎಣ್ಣೆಗೂ, ಸೊಪ್ಪಿಗೂ, ಹರಕೆಗೂ, ಸೂಜಿಗೂ ಇದೇ ಶಹಬ್ಬಾಸ್‌ಗಿರಿ ಸಿಗುತ್ತೆ. ಯಾವುದರಿಂದ ಆಯ್ತು ಅಂತ ತಿಳಿಯೋಕೆ ಅದನ್ನು ಮಾಡದೇ ಇದ್ದ ಇನ್ನೊಂದು ಗುಂಪು ಬೇಕು.

ಹಾಗಂತ ಆಧುನಿಕ ವೈದ್ಯದ ಕೈಯಲ್ಲಿ ಮಂತ್ರದಂಡ ಇದೆ ಅಂತೇನಲ್ಲ. ಅಲ್ಲಿ ಕೊಡೋ ಮುಖ್ಯ ಔಷಧಿ ಸ್ಟೀರಾಯ್ಡ್. 1980ರಲ್ಲಿ ವಿಲ್ಸನ್, ಬಿಲ್ ಮತ್ತು ಲೇರ್ಡ್ ಅನ್ನೋ ವೈದ್ಯರು ಪ್ರಕಟಿಸಿದ ಪ್ರಯೋಗದಲ್ಲಿ ಸ್ಟೀರಾಯ್ಡ್ ತಗೊಂಡವರಲ್ಲಿ ಶೇ. 61 ಜನ ಚೇತರಿಸಿಕೊಂಡ್ರು, ಉತ್ತುತ್ತಿ ಮಾತ್ರೆ ತಗೊಂಡವರಲ್ಲಿ ಶೇ. 32. ನಂತರದ ಪ್ರಯೋಗಗಳೆಲ್ಲ ಇಷ್ಟು ಚೊಕ್ಕವಾಗಿ ಬರಲಿಲ್ಲ. ಸ್ಟೀರಾಯ್ಡ್‌ನ ಸಾಕ್ಷ್ಯವೂ ಕಲ್ಲಿನ ಮೇಲೆ ಕೆತ್ತಿದಷ್ಟು ಗಟ್ಟಿಯಲ್ಲ. ಅದಕ್ಕೇ ಅಮೆರಿಕದ ಇಎನ್‌ಟಿ ವೈದ್ಯರ ಸಂಘದ 2019ರ ಮಾರ್ಗಸೂಚಿ 'ಕೊಡಲೇಬೇಕು' ಅನ್ನಲ್ಲ, 'ಕೊಡಬಹುದು' ಅನ್ನುತ್ತೆ. ಆದ್ರೆ ಅದು ಒಂದು ವಿಷಯದಲ್ಲಿ ಮಾತ್ರ ಸ್ಪಷ್ಟ: ಸಮಯ. ಆಡಿಯೋಗ್ರಾಂ ಆದಷ್ಟು ಬೇಗ, ತಡ ಅಂದ್ರೂ ಹದಿನಾಲ್ಕು ದಿನದೊಳಗೆ. ಸ್ಟೀರಾಯ್ಡ್ ಕೊಡೋದಾದ್ರೆ ಮೊದಲ ಎರಡು ವಾರದಲ್ಲಿ ಶುರು. ಅದು ಕೆಲಸ ಮಾಡದಿದ್ರೆ ಎರಡರಿಂದ ಆರನೇ ವಾರದ ನಡುವೆ ಕಿವಿಯ ತಮಟೆಯ ಮೂಲಕ ಇಂಜೆಕ್ಷನ್. ಜೊತೆಗೆ ಎಂಆರ್‌ಐ, ಯಾಕಂದ್ರೆ ಕೆಲವೊಮ್ಮೆ ಕಿವಿಯ ನರದ ಮೇಲೆ ಬೆಳೆದ ಗಡ್ಡೆಯೂ ಹೀಗೇ ಶುರುವಾಗುತ್ತೆ. ಸೂಜಿ ಹಾಕೋರು ಎಷ್ಟೇ ಪ್ರಾಮಾಣಿಕರಾಗಿದ್ರೂ ಆ ಗಡ್ಡೆ ಅವರ ಕೈಗೆ ಸಿಗಲ್ಲ.

ಇದು ಪುಸ್ತಕದ ಮಾತು. ಊರಿನ ಮಾತು ಹೇಗಿರುತ್ತೆ ಅನ್ನೋದಕ್ಕೆ ಒಂದು ಉದಾಹರಣೆ. ನನಗೆ ಅಣ್ಣ ಆಗಬೇಕಾದ ಒಬ್ಬರು ಪೀಣ್ಯದ ಒಂದು ವರ್ಕ್‌ಶಾಪ್‌ನಲ್ಲಿ ಲೇತ್ ಓಡಿಸ್ತಾರೆ. ಒಂದು ಬೆಳಿಗ್ಗೆ ಎದ್ದಾಗ ಎಡಗಿವಿ ಬಂದ್. ವಾರಗಳಾದ ಮೇಲೆ ಒಂದು ಹಬ್ಬಕ್ಕೆ ಊರಿಗೆ ಹೋದಾಗ ನನಗೆ ಗೊತ್ತಾಯ್ತು.

'ಏನಣ್ಣ, ಆವತ್ತೇ ಡಾಕ್ಟ್ರತ್ರ ಹೋಗ್ಬಾರ್ದಿತ್ತಾ?'

'ಗುಗ್ಗೆ ಕಟ್ಕೊಂಡೈತೆ ಅಂದ್ಕೊಂಡೆ ಕಣೋ. ನೋವಿಲ್ಲ, ಸೋರಲ್ಲ, ಏನಿಲ್ಲ. ಇದಕ್ಯಾರು ರಜಾ ಹಾಕ್ತಾರೆ?'

ಮೊದಲು ಅತ್ತಿಗೆ ಬೆಚ್ಚಗಿನ ಎಣ್ಣೆ ಬಿಟ್ಟಿದ್ದಾರೆ. ನಂತರ ಮೆಡಿಕಲ್ ಸ್ಟೋರ್‌ನಿಂದ ಡ್ರಾಪ್ಸ್. ಆಮೇಲೆ ಯಾರೋ ಹೇಳಿದ್ರು ಅಂತ ಒಂದು ಕ್ಲಿನಿಕ್‌ನಲ್ಲಿ ಹತ್ತು ದಿನ ಸೂಜಿ. ಅಲ್ಲಿ ಯಾರೂ 'ಆಡಿಯೋಗ್ರಾಂ ತೆಗೆಸಿದ್ದೀರಾ?' ಅಂತ ಕೇಳಿಲ್ಲ. ಇಎನ್‌ಟಿ ಡಾಕ್ಟರ ಮುಂದೆ ಕೂತಾಗ ಇಪ್ಪತ್ತಾರು ದಿನ ಆಗಿತ್ತು. ಬೇಗ ಹೋಗಿದ್ರೆ ಕಿವಿ ಬರ್ತಿತ್ತಾ? ಯಾರೂ ಹೇಳೋಕಾಗಲ್ಲ, ಆ ಡಾಕ್ಟರೂ ಹೇಳಲಿಲ್ಲ. ಪ್ರಯತ್ನ ಮಾಡೋ ಅವಕಾಶ ಇತ್ತು ಅನ್ನೋದಷ್ಟೇ ಖಚಿತ. ಅಣ್ಣನಿಗೆ ಸೂಜಿ ಹಾಕಿದವರ ಮೇಲೆ ಕೋಪ ಇಲ್ಲ. 'ಹಾಕಿಸ್ಕೊಂಡ್ ಬಂದ್ ದಿನ ನಿದ್ದೆ ಮಾತ್ರ ಚೆನ್ನಾಗಿ ಬರ್ತಿತ್ತು' ಅಂತಾರೆ. ಆ ಮಾತನ್ನು ನಾನು ಪೂರ್ತಿ ನಂಬ್ತೀನಿ. ಹೆದರಿದ ಮನುಷ್ಯನನ್ನು ಮಲಗಿಸಿ, ಅರ್ಧ ಗಂಟೆ ಅವನ ಕಡೆ ಗಮನ ಕೊಡೋದು ಸಣ್ಣ ವಿಷಯ ಅಲ್ಲ. ಸರ್ಕಾರಿ ಆಸ್ಪತ್ರೆಯ ಕ್ಯೂನಲ್ಲಿ ಅದು ಸಿಗಲ್ಲ. ಆದ್ರೆ ನಿದ್ದೆ ಬೇರೆ, ಕಿವಿ ಬೇರೆ.

ಅಕ್ಯುಪಂಕ್ಚರ್ ಬೋರ್ಡುಗಳಲ್ಲಿ ಕಾಣೋ 'ಪೂರಕ ಚಿಕಿತ್ಸೆ' ಅನ್ನೋ ಪದದ ಅರ್ಥ ಇಲ್ಲಿ ಮುಖ್ಯ ಆಗುತ್ತೆ. ಪೂರಕ ಅಂದ್ರೆ ಈಗಾಗಲೇ ಇರೋ ಒಂದಕ್ಕೆ ಸೇರಿಸೋದು. ಚೀನಾದ ಆ ಪ್ರಯೋಗಗಳಲ್ಲಿ ಕೂಡ ಸೂಜಿ ಬಂದಿದ್ದು ಔಷಧಿಯ ಜೊತೆ. ನಮ್ಮ ಊರುಗಳಿಗೆ ಬರುವಷ್ಟರಲ್ಲಿ ಆ 'ಜೊತೆ' ಕಳಚಿ ಹೋಗಿ ಬರೀ ಸೂಜಿ ಉಳಿದಿದೆ. ಪೂರಕ ಹೋಗಿ ಬದಲಿ ಆಗಿದೆ.

ಇದರ ಇನ್ನೊಂದು ತುದಿಯಲ್ಲಿ ನಮ್ಮ ರಾಜ್ಯದ್ದೇ ಒಂದು ಹೆಮ್ಮೆಯ ಕಥೆ ಇದೆ. ಜಗತ್ತು ಲಿಯಾವೊಯುವಾನ್‌ನ ಪವಾಡದ ಬಗ್ಗೆ ಕೇಳೋದಕ್ಕೆ ಮುಂಚೆಯೇ, 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾಗಿತ್ತು. ಮಾನಸಗಂಗೋತ್ರಿಯ ಪಕ್ಕದ ಆ ಆವರಣದಲ್ಲಿ ಕೇಳಿಸುವಿಕೆಯನ್ನು ಅಳೆಯೋದು, ಮಕ್ಕಳಿಗೆ ಮಾತು ಕಲಿಸೋದು, ಅದನ್ನು ಮಾಡೋ ತಜ್ಞರನ್ನು ತಯಾರು ಮಾಡೋದು ನಡೀತಾ ಬಂದಿದೆ. ಅದರ ನಿರ್ದೇಶಕರಾಗಿದ್ದ ನ. ರತ್ನ ಕನ್ನಡದ ನಾಟಕಕಾರರೂ ಹೌದು. 'ಎಲ್ಲಿಗೆ' ಅನ್ನೋ ಅಸಂಗತ ನಾಟಕ ಬರೆದವರು ಹಗಲಿನಲ್ಲಿ ಮಾತು ಬಾರದವರ ಜೊತೆ ಕೆಲಸ ಮಾಡ್ತಿದ್ರು ಅನ್ನೋದು ನನಗೆ ಇಷ್ಟವಾದ ವಿಷಯ. ಇಲ್ಲಿ ಪವಾಡ ಇಲ್ಲ. ಒಂದು ಮಗು ಹಿಯರಿಂಗ್ ಏಡ್ ಹಾಕ್ಕೊಂಡು ವರ್ಷಗಟ್ಟಲೆ ಕೂತು 'ಅಮ್ಮ' ಅನ್ನೋದನ್ನು ಕಲಿಯುತ್ತೆ. ಪತ್ರಿಕೆಯ ಮುಖಪುಟಕ್ಕೆ ಬರೋ ಸುದ್ದಿ ಅಲ್ಲ, ಆದ್ರೆ ಆಡಿಯೋಗ್ರಾಂನಲ್ಲಿ ತೋರಿಸಬಹುದಾದ ಸುದ್ದಿ. ಕೇಂದ್ರ ಸರ್ಕಾರದ ಕಿವುಡುತನ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮ 2006-07ರಲ್ಲಿ ಪ್ರಾಯೋಗಿಕವಾಗಿ ಶುರುವಾಗಿ ಜಿಲ್ಲೆಗಳಿಗೆ ಹಬ್ಬಿದೆ. ಅಂದ್ರೆ ಕಿವಿ ಅಳೆಸೋಕೆ ಮೈಸೂರಿಗೇ ಹೋಗಬೇಕು ಅಂತಿಲ್ಲ.

ಹೆಡ್‌ಸೆಟ್ ಹಾಕ್ಕೊಂಡು ದಿನಕ್ಕೆ ಐದು ಕಾಲ್ ಅಟೆಂಡ್ ಮಾಡೋ ನಮಗೆ ಈ ಕಾಯಿಲೆ ಮೊದಲು ಕಾಣಿಸಿಕೊಳ್ಳೋದು ಬಹುಶಃ ಹೀಗೆ: ಒಂದು ಕಡೆಯ ಇಯರ್‌ಫೋನ್ ಕೆಟ್ಟಿದೆ ಅನ್ನಿಸುತ್ತೆ. ಎಡ ಬಲ ಬದಲಾಯಿಸಿ ನೋಡಿ. ಕೆಟ್ಟಿರೋದು ಇಯರ್‌ಫೋನ್ ಅಲ್ಲ, ಕಿವಿ ಅಂತ ಗೊತ್ತಾದ್ರೆ, ಬಾಯಿ ಮುಚ್ಚಿ 'ಹೂಂ...' ಅಂತ ಗುನುಗಿ. ಗುಗ್ಗೆ ಕಟ್ಟಿದ್ರೆ ಸಾಮಾನ್ಯವಾಗಿ ಆ ಸದ್ದು ಬಂದ್ ಆದ ಕಿವಿಯಲ್ಲೇ ಜೋರಾಗಿ ಕೇಳಿಸುತ್ತೆ. ನರದ ತೊಂದರೆ ಇದ್ರೆ ಚೆನ್ನಾಗಿರೋ ಕಿವಿ ಕಡೆ ವಾಲುತ್ತೆ. ಇದು ಆಡಿಯೋಗ್ರಾಂಗೆ ಬದಲಿ ಅಲ್ಲ, ಎಷ್ಟು ಬೇಗ ಹೊರಡಬೇಕು ಅಂತ ತಿಳಿಸೋ ಸೂಚನೆ ಅಷ್ಟೇ. ಎರಡನೆಯದಾದ್ರೆ ಅವತ್ತೇ ಹೊರಡಿ. ಮೊದಲನೆಯದೇ ಅನ್ನಿಸಿದ್ರೂ ಎಣ್ಣೆ ಬಿಡಬೇಡಿ, ಕಿವಿ ಡಾಕ್ಟರಿಗೆ ತೋರಿಸಿ.

ಆಡಿಯೋಗ್ರಾಂ ಕೈಗೆ ಬಂದು, ಡಾಕ್ಟರು ಔಷಧಿ ಶುರು ಮಾಡಿದ ಮೇಲೆ ಸೂಜಿ ಹಾಕಿಸ್ಕೋಬೇಕು ಅನ್ನಿಸಿದ್ರೆ ಅದು ನಿಮ್ಮಿಷ್ಟ. ಆ ಡಾಕ್ಟರಿಗೆ ಹೇಳಿ, ತರಬೇತಿ ಇರೋರ ಹತ್ತಿರ ಹೋಗಿ, ಪ್ರತಿ ಸಲ ಹೊಸ ಸೂಜಿ ಬಳಸ್ತಾರಾ ಅಂತ ನೋಡಿ. ತಿಂಗಳಾದ ಮೇಲೆ ಇನ್ನೊಂದು ಆಡಿಯೋಗ್ರಾಂ ತೆಗೆಸಿ ಮೊದಲಿನದರ ಪಕ್ಕದಲ್ಲಿ ಇಟ್ಟು ನೋಡಿ. ಲಿಯಾವೊಯುವಾನ್‌ನ ಮಕ್ಕಳಿಗೆ ಹಾಗೆ ಎರಡು ಕಾಗದ ಅಕ್ಕಪಕ್ಕ ಇಟ್ಟು ನೋಡೋ ಅವಕಾಶವನ್ನು ಯಾರೂ ಕೊಡಲಿಲ್ಲ. ನಮಗೆ ಇದೆ.